ವಿಮಾನ ಬಾರದ ದಿನವನ್ನೂ ಲೆಕ್ಕಕ್ಕೆ ಹಿಡಿದು ಟುವಾಲುವಿಗೆ ಹೊರಡಿ

ಪ್ರಶ್ನೆ: ನಾವು ಮಂಗಳೂರಿನವರು. ನನಗೆ 61 ವರ್ಷ, ಬ್ಯಾಂಕ್ ಕೆಲಸದಿಂದ ನಿವೃತ್ತ. ಹೆಂಡತಿಗೆ 57. ಅವಳಿಗೆ ಸಕ್ಕರೆ ಕಾಯಿಲೆ ಇದೆ, ರಾತ್ರಿ ಒಂದು ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ನಾನು ಮೀನು ತಿನ್ನುತ್ತೇನೆ, ಅವಳು ಪೂರ್ತಿ ಸಸ್ಯಾಹಾರಿ. ಪೆಸಿಫಿಕ್ ಸಾಗರದ ಟುವಾಲು ದೇಶ ಮುಳುಗುವ ಮೊದಲು ಒಮ್ಮೆ ನೋಡಬೇಕು ಎಂಬುದು ನನ್ನ ಬಹುದಿನದ ಆಸೆ. ಫೆಬ್ರವರಿಯಲ್ಲಿ ಹೋಗಿ ಅಲ್ಲಿ ಮೂರು ರಾತ್ರಿ ಇದ್ದು, ಫಿಜಿಗೆ ವಾಪಸಾದ ದಿನವೇ ಮುಂದಿನ ವಿಮಾನ ಹಿಡಿಯುವುದೆಂದು ಯೋಚಿಸಿದ್ದೇನೆ. ಸಿಡ್ನಿ ಮೂಲಕ ಅಗ್ಗದ ಟಿಕೆಟ್ ಕಾಣಿಸುತ್ತಿದೆ. ಅಲ್ಲಿ ಕಾರ್ಡ್ ನಡೆಯುವುದಿಲ್ಲ, ಕುಡಿಯಲು ನೀರಿಲ್ಲ, ಸಮುದ್ರ ರಸ್ತೆಗೇ ನುಗ್ಗುತ್ತದೆ ಎಂದೆಲ್ಲ ಓದಿ ಮನೆಯಲ್ಲಿ ಹೆದರಿದ್ದಾರೆ. ಮಲೇರಿಯಾ ಮಾತ್ರೆ ಬೇಕೇ? ನಮ್ಮಂಥವರು ಹೋಗಬಹುದೇ?

ಉತ್ತರ: ಹೋಗಬಹುದು. ಆದರೆ ನೀವು ಬರೆದಿರುವ ಯೋಜನೆಯಲ್ಲಿ ಬೇಡ. ನಿಮ್ಮ ಮನೆಯವರು ಹೆದರಿರುವ ವಿಷಯಗಳಲ್ಲಿ ಅರ್ಧದಷ್ಟು ಸರಿಯಾದ ತಯಾರಿಯಿಂದ ಕರಗಿಹೋಗುತ್ತವೆ. ನಿಜವಾಗಿ ಕಾಡಬಹುದಾದ ಒಂದು ವಿಷಯ ಮಾತ್ರ ನಿಮ್ಮ ಪತ್ರದಲ್ಲಿ ಪ್ರಶ್ನೆಯಾಗಿಯೇ ಬಂದಿಲ್ಲ. ಅದು ವಾಪಸಾದ ದಿನವೇ ಮುಂದಿನ ವಿಮಾನ ಹಿಡಿಯುವ ಲೆಕ್ಕ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ವಿಮಾನ ಏಕೆ ತಪ್ಪುತ್ತದೆ

ಟುವಾಲು ಎಂದರೆ ಒಂಬತ್ತು ದ್ವೀಪಗಳು. ಎಲ್ಲವನ್ನೂ ಕೂಡಿಸಿದರೂ ನೆಲ 26 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 11 ಸಾವಿರ. ದೇಶಕ್ಕೆಲ್ಲ ಇರುವುದು ಒಂದೇ ವಿಮಾನ ನಿಲ್ದಾಣ. ರಾಜಧಾನಿ ಫುನಾಫುತಿಯಲ್ಲಿ, 1943ರಲ್ಲಿ ಅಮೆರಿಕದ ಸೈನ್ಯ ಯುದ್ಧಕ್ಕಾಗಿ ಮಾಡಿದ ಓಡುದಾರಿ ಅದು. ಫಿಜಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ವಾರಕ್ಕೆ ಕೆಲವೇ ಬಾರಿ ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನ ಎರಡೂವರೆಯಿಂದ ಮೂರು ಗಂಟೆಯಲ್ಲಿ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಈಗ ಇದರ ಕಷ್ಟ ನೋಡಿ. ಮಂಗಳೂರಿನಲ್ಲಿ ಮಳೆ ಜೋರಾಗಿ ಇಳಿಯಲಾಗದಿದ್ದರೆ ವಿಮಾನ ಬೆಂಗಳೂರಿಗೋ ಕಣ್ಣೂರಿಗೋ ತಿರುಗುತ್ತದೆ. ಫುನಾಫುತಿಯ ಮೇಲೆ ಹಾಗಾದರೆ ಹತ್ತಿರದ ಬೇರೆ ನಿಲ್ದಾಣವೆಂದರೂ ನೂರಾರು ಕಿಲೋಮೀಟರ್ ಸಮುದ್ರದಾಚೆ. ಆದ್ದರಿಂದ ವಾಪಸು ಬರುವಷ್ಟು ಇಂಧನ ತುಂಬಿಕೊಂಡೇ ಹೊರಡಬೇಕು. ಇಂಧನದ ತೂಕ ಹೆಚ್ಚಿದರೆ ಸಾಮಾನಿನ ತೂಕ ಕಡಿಮೆಯಾಗಲೇಬೇಕು. ನೀವು ಹೋಗಿ ಸೂಟ್‌ಕೇಸ್ ಫಿಜಿಯಲ್ಲೇ ಉಳಿದು ಮುಂದಿನ ವಿಮಾನಕ್ಕೆ ಬರುವುದು ಇದೇ ಕಾರಣಕ್ಕೆ. ವಿಮಾನ ಅಲ್ಲೇ ಕೆಟ್ಟರೆ ಬಿಡಿಭಾಗ ಫಿಜಿಯಿಂದಲೇ ಬರಬೇಕು. ಒಂದು ವಿಮಾನ ರದ್ದಾದರೆ ಮುಂದಿನದು ಎರಡು ಮೂರು ದಿನ ಬಿಟ್ಟು, ಅದರಲ್ಲೂ ಸೀಟು ಮೊದಲೇ ಭರ್ತಿಯಾಗಿರುತ್ತದೆ.

ಇದನ್ನು ಯಾರ ತಪ್ಪೆಂದೂ ಹೇಳಲಾಗದು, ಜಾಗದ ಗುಣವೇ ಹಾಗೆ. ನೀವು ಮಾಡಬೇಕಾದದ್ದು ಇಷ್ಟು: ಟುವಾಲುವಿನಿಂದ ಹೊರಡುವ ವಿಮಾನಕ್ಕೂ ಫಿಜಿಯಿಂದ ಹೊರಡುವ ವಿಮಾನಕ್ಕೂ ನಡುವೆ ಕನಿಷ್ಠ ಮೂರು ರಾತ್ರಿ ಬಿಡಿ. ಸಾಧ್ಯವಾದರೆ ಆ ಅಂತರದೊಳಗೆ ಟುವಾಲುವಿನಿಂದ ಇನ್ನೊಂದು ವಿಮಾನ ಇರುವಂತೆ ದಿನ ಆರಿಸಿಕೊಳ್ಳಿ. ಆಗ ಒಂದು ತಪ್ಪಿದರೂ ಇನ್ನೊಂದು ಇರುತ್ತದೆ. ಟುವಾಲುವಿನಲ್ಲಿ ಮೂರು ರಾತ್ರಿಯೂ ಕಡಿಮೆ. ಹೋಗುವಾಗ ವಿಮಾನ ಎರಡು ದಿನ ತಡವಾದರೆ ನಿಮಗೆ ಉಳಿಯುವುದು ಒಂದೇ ದಿನ. ಐದರಿಂದ ಏಳು ರಾತ್ರಿ ಇಡಿ. ಒಟ್ಟು ಪ್ರವಾಸ ಎರಡು ವಾರ ಮೀರುತ್ತದೆ. ಅಷ್ಟು ಸಮಯ ಇಲ್ಲವೆಂದಾದರೆ ಈ ಸಲ ಫಿಜಿಯನ್ನಷ್ಟೇ ನೋಡಿ ಬನ್ನಿ. ಅವಸರದ ಟುವಾಲು ಪ್ರವಾಸಕ್ಕಿಂತ ಅದು ಎಷ್ಟೋ ಮೇಲು.

ಟಿಕೆಟ್ ಮಾಡುವ ಕ್ರಮವೂ ಮುಖ್ಯ. ಜನ ಮೊದಲು ಬೆಂಗಳೂರಿನಿಂದ ಅಗ್ಗದ ಟಿಕೆಟ್ ಹಿಡಿದು ಆಮೇಲೆ ಟುವಾಲುವಿನ ಸೀಟು ಹುಡುಕುತ್ತಾರೆ. ಅದು ಉಲ್ಟಾ ಆಗಬೇಕು. ಸೀಟು ಕಡಿಮೆ ಇರುವುದು ಕೊನೆಯ ತುಣುಕಿನಲ್ಲಿ, ಹಾಗಾಗಿ ಅದನ್ನು ಮೊದಲು ಖಚಿತ ಮಾಡಿಕೊಂಡು ಹಿಂದಕ್ಕೆ ಬನ್ನಿ. ಅಕ್ಟೋಬರ್ 1 ಅವರ ಸ್ವಾತಂತ್ರ್ಯ ದಿನ. ಆ ಆಸುಪಾಸಿನಲ್ಲಿ ಸೀಟೂ ಕೋಣೆಯೂ ಸಿಗುವುದು ಕಷ್ಟ. ಟುವಾಲು ವಿಮಾನ ಫಿಜಿಯ ಯಾವ ಊರಿನಿಂದ ಎಂಬುದನ್ನೂ ನೋಡಿಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು ಇಳಿಯುವುದು ಪಶ್ಚಿಮದ ನಾಡಿಯಲ್ಲಿ. (ಬರೆಯುವುದು ನಾಡಿ, ಅಲ್ಲಿಯವರು ಅನ್ನುವುದು ‘ನಾಂದಿ’. ನಮ್ಮ ಕಿವಿಗೆ ಶುಭವಾಗಿಯೇ ಕೇಳಿಸುತ್ತದೆ.) ಟುವಾಲು ವಿಮಾನ ರಾಜಧಾನಿ ಸುವಾದ ಪಕ್ಕದ ನೌಸೋರಿಯಿಂದ ಇದ್ದರೆ, ನಾಡಿಯಿಂದ ಅಲ್ಲಿಗೆ ರಸ್ತೆಯಲ್ಲಿ ನಾಲ್ಕು ಗಂಟೆಯಾದರೂ ಬೇಕು.

ಸಿಡ್ನಿಯ ಅಗ್ಗದ ಟಿಕೆಟ್

ಅದನ್ನು ಕೈಬಿಡಿ, ಅಥವಾ ಅದರ ಪೂರ್ತಿ ಬೆಲೆ ತಿಳಿದು ತೆಗೆದುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಆಸ್ಟ್ರೇಲಿಯಾದಲ್ಲಿ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಪಡೆದಿರಬೇಕು. 72 ಗಂಟೆಯವರೆಗಿನ ಆ ವೀಸಾಕ್ಕೆ ಶುಲ್ಕವಿಲ್ಲ, ಆದರೆ ಮೊದಲೇ ಅರ್ಜಿ ಹಾಕಿ ಪಡೆಯಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಂಬುದನ್ನು ಅರ್ಜಿಯಲ್ಲೇ ತೋರಿಸಬೇಕು. ಅದಿಲ್ಲದೆ ಹೋದರೆ ತಡೆಯುವುದು ಸಿಡ್ನಿಯಲ್ಲಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ. ನ್ಯೂಜಿಲೆಂಡ್ ಮೂಲಕ ಹೋದರೂ ಇದೇ ಗೋಳು.

ನಿಮಗೆ ಸರಳವಾದ ದಾರಿ ಬೆಂಗಳೂರು–ಸಿಂಗಪುರ–ನಾಡಿ. ಸಿಂಗಪುರದಿಂದ ನಾಡಿಗೆ ಸುಮಾರು ಹತ್ತು ಗಂಟೆಯ ಹಾರಾಟ. ಎರಡೂ ತುಣುಕು ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಸಾಮಾನು ನೇರ ನಾಡಿಗೆ ಹೋಗುತ್ತದೆ, ನೀವು ಸಿಂಗಪುರದಲ್ಲಿ ನಿಲ್ದಾಣದೊಳಗೇ ಇರಬಹುದು, ವೀಸಾ ಬೇಡ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಸಾಮಾನು ಬಿಡಿಸಿಕೊಂಡು ಮತ್ತೆ ಕೊಡಲು ಹೊರಗೆ ಬರಬೇಕು. ಹೊರಗೆ ಬರಲು ಸಿಂಗಪುರದ ವೀಸಾ ಬೇಕು. ನಾಲ್ಕೈದು ಸಾವಿರ ರೂಪಾಯಿ ಉಳಿಸಲು ಹೋಗಿ ಇಲ್ಲಿ ಸಿಕ್ಕಿಬೀಳುವವರು ಬಹಳ.

ಫಿಜಿಗೆ ಭಾರತೀಯರಿಗೆ ನಾಲ್ಕು ತಿಂಗಳವರೆಗೆ ಮೊದಲೇ ವೀಸಾ ಬೇಕಿಲ್ಲ. ವಾಪಸು ಟಿಕೆಟ್, ಉಳಿಯುವ ಜಾಗದ ದಾಖಲೆ, ಆರು ತಿಂಗಳು ಬಾಕಿ ಇರುವ ಪಾಸ್‌ಪೋರ್ಟ್ ಇರಬೇಕು. ಟುವಾಲುವಿನಲ್ಲಿ ಇಳಿದ ಮೇಲೆ ಪ್ರವೇಶ ಪರವಾನಗಿ ಕೊಡುತ್ತಾರೆ. ಅಲ್ಲೂ ಇವೇ ದಾಖಲೆಗಳು. ಶುಲ್ಕ ಕೇಳಿದರೆ ಕೊಡಲು ತಲಾ 100 ಆಸ್ಟ್ರೇಲಿಯನ್ ಡಾಲರನ್ನು ಪಾಸ್‌ಪೋರ್ಟಿನ ಜೊತೆಗೇ ಬೇರೆ ತೆಗೆದಿಡಿ. ನಿಯಮಗಳು ಬದಲಾಗುತ್ತವೆ, ಆದ್ದರಿಂದ ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ಟುವಾಲು ವಲಸೆ ಇಲಾಖೆಗೆ ಒಂದು ಇಮೇಲ್ ಹಾಕಿ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಆ ಕಾಗದ ತೋರಿಸಬೇಕಾಗಿ ಬರುವುದು ಟುವಾಲುವಿನಲ್ಲಲ್ಲ, ಆ ದೇಶದ ಹೆಸರನ್ನೇ ಕೇಳಿರದ ನಮ್ಮೂರಿನ ಚೆಕ್-ಇನ್ ಸಿಬ್ಬಂದಿಗೆ. ಟುವಾಲುವಿನಲ್ಲಿ ಭಾರತದ ಕಚೇರಿ ಇಲ್ಲ. ಸುವಾದ ಭಾರತೀಯ ಹೈಕಮಿಷನ್ನೇ ಅದನ್ನೂ ನೋಡಿಕೊಳ್ಳುತ್ತದೆ, ಅದರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಮುಳುಗುವ ದೇಶ ಎಂಬ ಮಾತು

‘ಮುಳುಗುವ ಮೊದಲು ನೋಡಬೇಕು’ ಎಂದಿದ್ದೀರಿ. ಇದರಲ್ಲಿ ಸತ್ಯವೂ ಇದೆ, ತಪ್ಪು ಕಲ್ಪನೆಯೂ ಇದೆ. ದೇಶದ ಅತಿ ಎತ್ತರದ ಜಾಗವೇ ಐದು ಮೀಟರ್ ಮುಟ್ಟುವುದಿಲ್ಲ. ಕಳೆದ ಮೂರು ದಶಕಗಳಲ್ಲಿ ಅಲ್ಲಿ ಸಮುದ್ರ ಮಟ್ಟ ಸುಮಾರು 15 ಸೆಂಟಿಮೀಟರ್ ಏರಿದೆ. ಹಾಗೆಂದು ದ್ವೀಪಗಳು ಮಂಜುಗಡ್ಡೆಯಂತೆ ಕರಗುತ್ತಿಲ್ಲ. 1971ರಿಂದ 2014ರವರೆಗಿನ ವೈಮಾನಿಕ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಟ್ಟು ನೆಲ 2.9 ಶೇಕಡಾ ಹೆಚ್ಚಿತ್ತು. ಅಲೆಗಳು ಹವಳದ ಪುಡಿಯನ್ನು ತಂದು ದಡಕ್ಕೆ ಸುರಿಯುತ್ತವೆ, ಒಂದು ಕಡೆ ಕೊಚ್ಚಿದ್ದು ಇನ್ನೊಂದು ಕಡೆ ಸೇರುತ್ತದೆ.

ಆದರೆ ನೆಲ ಉಳಿದರೆ ಬದುಕು ಉಳಿಯಿತು ಎಂದಲ್ಲ. ಉಪ್ಪು ನೀರು ಕೆಳಗಿನಿಂದ ಬರುತ್ತದೆ. ನೆಲವೆಲ್ಲ ತೂತು ತೂತಾದ ಹವಳದ ಕಲ್ಲು. ಅಲ್ಲಿಯ ಮುಖ್ಯ ಗೆಡ್ಡೆ ‘ಪುಲಾಕಾ’, ನಮ್ಮ ಕೆಸುವಿನ ದೈತ್ಯ ನೆಂಟ. ಅದನ್ನು ನೆಲದಡಿಯ ಸಿಹಿನೀರು ಸಿಗುವವರೆಗೆ ಗುಂಡಿ ತೋಡಿ ಬೆಳೆಯುತ್ತಾರೆ. ಆ ಗುಂಡಿಗೆ ಉಪ್ಪು ಸೇರಿದರೆ ಗಿಡ ಬುಡದಿಂದ ಕೊಳೆಯುತ್ತದೆ. ಆಸ್ಟ್ರೇಲಿಯಾ ಜೊತೆಗೆ 2023ರಲ್ಲಿ ಸಹಿಯಾದ ಒಪ್ಪಂದದಂತೆ ವರ್ಷಕ್ಕೆ 280 ಜನ ಅಲ್ಲಿ ಹೋಗಿ ನೆಲೆಸಬಹುದು. ಇತ್ತ ಫುನಾಫುತಿಯಲ್ಲೇ ಲಗೂನಿನ (ಹವಳದ ದ್ವೀಪಗಳು ಸುತ್ತುವರಿದ ಒಳಗಡಲಿನ) ಮರಳು ತೆಗೆದು ಸುಮಾರು ಏಳು ಹೆಕ್ಟೇರ್ ಎತ್ತರದ ಹೊಸ ನೆಲ ಕಟ್ಟಿದ್ದಾರೆ. ಹೋಗುವವರೂ ಇದ್ದಾರೆ, ಬಿಡುವುದಿಲ್ಲ ಎಂದು ಕಟ್ಟುತ್ತಿರುವವರೂ ಇದ್ದಾರೆ. ದಯವಿಟ್ಟು ‘ನಿಮ್ಮ ಊರು ಮುಳುಗುವ ಮೊದಲು ನೋಡಲು ಬಂದೆವು’ ಎಂದು ಅಲ್ಲಿ ಯಾರಿಗೂ ಹೇಳಬೇಡಿ. ಬದುಕಿರುವವರ ಮನೆಗೆ ಹೋಗಿ ಆಡುವ ಮಾತಲ್ಲ ಅದು.

ರಸ್ತೆಗೆ ನೀರು ನುಗ್ಗುವುದು ನಿಜ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಕಡಲೂರಿನವರಾದ ನಿಮಗೆ ಗೊತ್ತೇ ಇದೆ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ವರ್ಷದ ಅತಿ ದೊಡ್ಡ ಉಬ್ಬರಗಳು ಬರುತ್ತವೆ. ಆಗ ನೋಡಿದರೆ ಅಲೆ ದಡ ದಾಟಿ ಬರುವುದಕ್ಕೂ ಮೊದಲೇ, ದ್ವೀಪದ ನಟ್ಟನಡುವೆ, ಓಡುದಾರಿಯ ಪಕ್ಕದ ಹುಲ್ಲಿನಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ಏಡಿಯ ಬಿಲಗಳಿಂದ ತಿಳಿಯಾದ ಉಪ್ಪು ನೀರು ಸದ್ದಿಲ್ಲದೆ ಉಕ್ಕಿ, ಹುಲ್ಲು ಮುಚ್ಚಿ, ಮನೆಗಳ ಕಂಬದ ಬುಡಕ್ಕೆ ಹರಿಯುತ್ತದೆ. ಎರಡು ಮೂರು ಗಂಟೆಯಲ್ಲಿ ಉಬ್ಬರ ಇಳಿದಂತೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಪ್ರವಾಸಿಯ ಪ್ರಾಣಕ್ಕೆ ಇದರಿಂದ ಅಪಾಯ ಕಡಿಮೆ. ಚರಂಡಿ ಗುಂಡಿಗಳ ನೀರು ಅದರಲ್ಲಿ ಬೆರೆಯುವುದರಿಂದ ಬರಿಗಾಲಲ್ಲಿ ತುಳಿಯುವುದು ಬೇಡ. ಅದರಲ್ಲೂ ಸಕ್ಕರೆ ಕಾಯಿಲೆ ಇರುವ ಪಾದ ಖಂಡಿತ ಬೇಡ.

ಇದಕ್ಕಾಗಿಯೂ ಫೆಬ್ರವರಿ ನಿಮಗೆ ಹೇಳಿದ ತಿಂಗಳಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಟುವಾಲುವಿಗಿಂತ ಫಿಜಿಗೆ ಇನ್ನೂ ಹೆಚ್ಚು. ಫಿಜಿ ಮುಚ್ಚಿದರೆ ನಿಮ್ಮ ಬಾಗಿಲೂ ಮುಚ್ಚಿತು. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಸೆಖೆ ವರ್ಷವಿಡೀ ಒಂದೇ, 25ರಿಂದ 31 ಡಿಗ್ರಿ. ಆದರೆ ಆ ತಿಂಗಳುಗಳಲ್ಲಿ ಪೂರ್ವದ ಗಾಳಿ ಬೀಸುತ್ತಿರುತ್ತದೆ.

ನೀರು

ಫುನಾಫುತಿಯಲ್ಲಿ ಸುರಿಯುವ ಮಳೆ ಕಡಿಮೆಯೇನಲ್ಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ಹೆಚ್ಚುಕಡಿಮೆ ಮಂಗಳೂರಿನ ಮಳೆ. ಆದರೆ ನದಿಯಿಲ್ಲ, ಕೆರೆಯಿಲ್ಲ, ನೆಲದಡಿಯ ನೀರು ಉಪ್ಪು ಮತ್ತು ಕೊಳಕು ಬೆರೆತು ಕುಡಿಯಲು ಬಾರದು. ಮನೆಯ ತಗಡಿನ ಮಾಡಿನಿಂದ ದೋಣಿಕೊಳವೆಯಲ್ಲಿ ಇಳಿದು ಟ್ಯಾಂಕಿಗೆ ಬಿದ್ದದ್ದೇ ನೀರು. ಕೆಲವು ವಾರ ಮಳೆ ಕೈಕೊಟ್ಟರೆ ಟ್ಯಾಂಕು ತಳ ಕಾಣುತ್ತದೆ. 2011ರ ಬರದಲ್ಲಿ ತುರ್ತುಸ್ಥಿತಿ ಘೋಷಿಸಿ ಮನೆಗೆ ಇಷ್ಟೇ ಬಕೆಟ್ ಎಂದು ಹಂಚಬೇಕಾಯಿತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳಿವೆ, ಅವು ಕೊರತೆ ನೀಗಿಸಲಷ್ಟೇ.

ಕೋಣೆ ಗೊತ್ತು ಮಾಡುವಾಗ ಎರಡು ಪ್ರಶ್ನೆ ಕೇಳಿ: ಮನೆಗೆ ಸ್ವಂತ ಟ್ಯಾಂಕ್ ಇದೆಯೇ, ಕುಡಿಯುವ ನೀರನ್ನು ಕುದಿಸಿ ಕೊಡುತ್ತೀರಾ? ಮಾಡಿನ ಮೇಲೆ ಹಕ್ಕಿ ಕೂರುತ್ತದೆ, ಇಲಿ ಓಡುತ್ತದೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಕೊತಕೊತ ಕುದಿಸಿ ಒಂದು ನಿಮಿಷ ಬಿಟ್ಟೇ ಕುಡಿಯಿರಿ. ಒಂದು ಲೀಟರಿನ ಕರೆಂಟ್ ಕೆಟಲ್ ಒಯ್ದರೆ ಯಾರ ಮರ್ಜಿಯೂ ಬೇಡ. ಅಲ್ಲಿ ನಮ್ಮಷ್ಟೇ ವೋಲ್ಟೇಜ್, ಆದರೆ ಪ್ಲಗ್ ಆಸ್ಟ್ರೇಲಿಯಾದ್ದು, ಎರಡು ಓರೆ ಚಪ್ಪಟೆ ಕಡ್ಡಿ. ಅದಕ್ಕೆ ಅಡಾಪ್ಟರ್ ಬೇಕು. ಸೆಖೆಗೆ ತಲಾ ದಿನಕ್ಕೆ ಮೂರು ಲೀಟರ್ ಕುಡಿಯುವ ಲೆಕ್ಕ ಇಟ್ಟುಕೊಳ್ಳಿ. ಸ್ನಾನ ಒಂದು ಬಕೆಟ್‌ನಲ್ಲಿ ಮುಗಿಸಿ. ಷವರ್ ಇದೆಯೆಂದು ಬಿಟ್ಟುಕೊಂಡು ನಿಂತರೆ ನೀವು ಖರ್ಚು ಮಾಡುವುದು ಆ ಮನೆಯವರ ಮುಂದಿನ ವಾರದ ನೀರನ್ನು.

ದುಡ್ಡು

ಅಲ್ಲಿ ಚಲಾವಣೆ ಆಸ್ಟ್ರೇಲಿಯನ್ ಡಾಲರ್. ದೇಶದ ಮೊದಲ ಎಟಿಎಂಗಳು ಬಂದದ್ದೇ 2025ರ ಏಪ್ರಿಲ್‌ನಲ್ಲಿ. ನಿಮ್ಮ ಭಾರತೀಯ ಕಾರ್ಡ್ ಅದರಲ್ಲಿ ನಡೆದೀತೆಂದು ನೆಚ್ಚಿ ಹೋಗಬೇಡಿ. ಪೂರ್ತಿ ನಗದು ಒಯ್ಯಿರಿ. ಫಿಜಿಯ ಎಟಿಎಂ ಕೊಡುವುದು ಫಿಜಿ ಡಾಲರ್, ಟುವಾಲುವಿನಲ್ಲಿ ಅದು ಉಪಯೋಗಕ್ಕಿಲ್ಲ. ಆದ್ದರಿಂದ ಊರಿನಲ್ಲೇ ಅಧಿಕೃತ ವಿದೇಶಿ ವಿನಿಮಯದವರ ಬಳಿ ಎರಡು ವಾರ ಮೊದಲೇ ಹೇಳಿಡಿ, 5, 10, 20ರ ನೋಟು ಬೇಕೆಂದು ಒತ್ತಿ ಹೇಳಿ. 100ರ ನೋಟಿಗೆ ಅಲ್ಲಿಯ ಸಣ್ಣ ಅಂಗಡಿಯಲ್ಲಿ ಚಿಲ್ಲರೆ ಇರುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಪ್ರವಾಸಕ್ಕೆ ತಲಾ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಕೊಳ್ಳಬಹುದು. ನಿಮಗೆ ಅಷ್ಟು ಬೇಕಾಗುವುದಿಲ್ಲ.

ಲೆಕ್ಕ ಹೀಗಿರಲಿ: ಕೋಣೆ, ಊಟ, ಬಾಡಿಗೆ ಸ್ಕೂಟರ್ ಸೇರಿ ಒಂದು ದಿನದ ಖರ್ಚು ಎಷ್ಟೆಂದು ಕೋಣೆಯವರಿಂದಲೇ ತಿಳಿದುಕೊಳ್ಳಿ. ಅದನ್ನು ನೀವು ಇರುವ ದಿನಗಳಿಗಲ್ಲ, ಅದಕ್ಕೆ ನಾಲ್ಕು ಕೂಡಿಸಿದ ದಿನಗಳಿಗೆ ಗುಣಿಸಿ. ಮೇಲೆ ದೋಣಿಯ ಖರ್ಚು, ಆಮೇಲೆ ಮುಟ್ಟದೆ ಇಡುವ 500 ಡಾಲರ್. ಆ ನಾಲ್ಕು ದಿನ ವಿಮಾನ ಬಾರದ ದಿನಗಳು.

ಊಟ

ಮಣ್ಣು ಹವಳದ ಪುಡಿ, ತರಕಾರಿ ಸುಲಭಕ್ಕೆ ಬೆಳೆಯದು. ಅಕ್ಕಿ, ಮೈದಾ, ನೂಡಲ್ಸ್, ಡಬ್ಬಿಯ ಮಾಂಸ, ಸಕ್ಕರೆ ಎಲ್ಲ ಹಡಗಿನಲ್ಲಿ ಬರುತ್ತವೆ. ಹಡಗು ತಡವಾದರೆ ಈರುಳ್ಳಿ, ಆಲೂಗಡ್ಡೆ ಮೊದಲು ಮಾಯ. ಸ್ಥಳೀಯವಾಗಿ ಸಿಗುವುದು ತೆಂಗು, ಪಪ್ಪಾಯಿ, ಬಾಳೆ, ನಿಮ್ಮ ಕಡೆಯದೇ ಜೀಗುಜ್ಜೆ, ಪುಲಾಕಾ. ಫುನಾಫುತಿಯಲ್ಲಿ ತೈವಾನ್ ನೆರವಿನಿಂದ ನಡೆಯುವ ತೋಟವೊಂದಿದೆ, ‘ಫಾತೊಆಂಗಾ ಫಿಯಾಫಿಯಾ’ ಎಂದು ಹೆಸರು. ಅಲ್ಲಿ ಸೌತೆ, ಸೊಪ್ಪು, ಕುಂಬಳ ಮಾರುತ್ತಾರೆ. ಮಾರುವ ದಿನ ಯಾವುದೆಂದು ಬಂದ ದಿನವೇ ಕೇಳಿ, ಬೆಳಗಾಗುವ ಮೊದಲೇ ಸಾಲಿನಲ್ಲಿ ನಿಲ್ಲಿ.

ನಿಮ್ಮ ಪತ್ನಿಗಾಗಿ ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಅಲ್ಲಿ ಮೀನು ಬಡಿಸಿಯಾರು. ಮಾಂಸ, ಕೋಳಿ, ಮೀನು, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಬೇಡ ಎನ್ನಬೇಕು. ದಿನಸಿಯನ್ನು ಊರಿನಿಂದ ಹೊರಬೇಡಿ. ಫಿಜಿಯ ಜೈವಿಕ ಸುರಕ್ಷತೆಯ ತಪಾಸಣೆ ಕಟ್ಟುನಿಟ್ಟು. ಕರಿಬೇವು, ಬಿತ್ತಿದರೆ ಮೊಳೆಯುವ ಕಾಳು, ಜೇನು, ಮನೆಯ ತುಪ್ಪ, ಉಪ್ಪಿನಕಾಯಿ ಕಸದ ಡಬ್ಬಿಗೆ ಹೋಗುತ್ತವೆ, ಘೋಷಿಸದಿದ್ದರೆ ದಂಡವೂ ಬೀಳುತ್ತದೆ. ಬೇಕಾಗಿಯೂ ಇಲ್ಲ. 1879ರಿಂದ 1916ರವರೆಗೆ ಕಬ್ಬಿನ ತೋಟಗಳಿಗೆ ಕರೆದೊಯ್ದ ಅರವತ್ತು ಸಾವಿರಕ್ಕೂ ಮಿಕ್ಕ ಭಾರತೀಯ ಕೂಲಿಗಳ ಮಕ್ಕಳು ಮರಿಮಕ್ಕಳು ಇಂದಿಗೂ ಫಿಜಿಯಲ್ಲಿದ್ದಾರೆ. ನಾಡಿಯ ಅಂಗಡಿಗಳಲ್ಲಿ ತೊಗರಿಬೇಳೆ, ಗೋಧಿಹಿಟ್ಟು, ಸಾಸಿವೆ, ಅರಿಸಿನ ಎಲ್ಲ ಸಿಗುತ್ತದೆ. ಒಬ್ಬರಿಗೆ ಹನ್ನೊಂದು ದಿನಕ್ಕೆ ಒಂದು ಕಿಲೋ ಬೇಳೆ, ಎರಡು ಕಿಲೋ ಹಿಟ್ಟು, ಅರ್ಧ ಕಿಲೋ ಕಡಲೆಬೀಜ, ಸ್ವಲ್ಪ ಮಸಾಲೆ ಸಾಕು. ಅಕ್ಕಿ, ಎಣ್ಣೆ, ಹಾಲಿನ ಪುಡಿ ಫುನಾಫುತಿಯಲ್ಲೇ ಕೊಳ್ಳಿ. ಎಲ್ಲವೂ ಕಂಪನಿಯ ಮುಚ್ಚಿದ ಪೊಟ್ಟಣದಲ್ಲೇ ಇರಲಿ, ಟುವಾಲುವಿನಲ್ಲಿಯೂ ಅರ್ಜಿಯಲ್ಲಿ ಬರೆದು ತೋರಿಸಿ.

ನಿಮಗೆ ಮೀನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮಂಗಳೂರಿನ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಹವಳದಿಬ್ಬದ ಪಾಚಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಯೊಂದರ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತಾ ಹೋಗುತ್ತದೆ. ಸಿಗ್ವಾಟೆರಾ ಎನ್ನುತ್ತಾರೆ. ಬೇಯಿಸಿದರೂ, ಹುರಿದರೂ, ಮಂಜುಗಡ್ಡೆಯಲ್ಲಿ ಇಟ್ಟರೂ ಹೋಗದು. ರುಚಿ, ವಾಸನೆಯಲ್ಲಿ ಗೊತ್ತಾಗದು. ತಿಂದ ಕೆಲವು ಗಂಟೆಯಲ್ಲಿ ವಾಂತಿ ಭೇದಿ, ತುಟಿ ಜುಮ್ಮೆನ್ನುವುದು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಇದರ ಗುರುತು. ಪ್ರತಿವಿಷ ಇಲ್ಲ. ಬರಾಕುಡಾ, ದೊಡ್ಡ ಗ್ರೂಪರ್, ರೆಡ್ ಸ್ನ್ಯಾಪರ್, ಹಾವುಮೀನು ಬೇಡವೇ ಬೇಡ. ಹೊರಕಡಲಿನ ಟ್ಯೂನಾ, ಹಾರುವ ಮೀನು ತಿನ್ನಿ, ಅವುಗಳಿಗೆ ಈ ಕಾಟ ಇಲ್ಲ. ಅಂದಿನದೇ ಆಗಿರಲಿ ಅಷ್ಟೇ.

ಇನ್ಸುಲಿನ್ ಮತ್ತು ಆರೋಗ್ಯ

ಮಲೇರಿಯಾ ಮಾತ್ರೆ ಬೇಡ. ಆ ರೋಗ ಹರಡುವ ಅನಾಫಿಲಿಸ್ ಸೊಳ್ಳೆ ಪೆಸಿಫಿಕ್‌ನಲ್ಲಿ ವನುವಾಟುವಿನಿಂದ ಪೂರ್ವಕ್ಕೆ ಇಲ್ಲ, ಫಿಜಿಯಲ್ಲೂ ಇಲ್ಲ, ಟುವಾಲುವಿನಲ್ಲೂ ಇಲ್ಲ. ಆದರೆ ಹಗಲು ಕಚ್ಚುವ ಸೊಳ್ಳೆಯ ಡೆಂಗಿ ಎರಡೂ ಕಡೆ ಇದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೇನ್ ಮುಟ್ಟಬೇಡಿ. ಹೊರಡುವ ಮೊದಲು ಟೈಫಾಯಿಡ್, ಟೆಟನಸ್ ಲಸಿಕೆ ನೋಡಿಕೊಳ್ಳಿ.

ದೇಶದಲ್ಲಿ ಇರುವುದು ಒಂದೇ ಆಸ್ಪತ್ರೆ, ಫುನಾಫುತಿಯ ಪ್ರಿನ್ಸೆಸ್ ಮಾರ್ಗರೆಟ್. ಸಾಮಾನ್ಯ ತೊಂದರೆಗೆ ಸಾಕು. ಹೃದಯಾಘಾತಕ್ಕೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಫಿಜಿಗೇ ಹೋಗಬೇಕು, ಅದೇ ವಿಮಾನ, ಅದೇ ಓಡುದಾರಿ. ಹಾಗಾಗಿ ವಿಮೆಯಲ್ಲಿ ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚು ಸೇರಿದೆಯೇ, ಸಕ್ಕರೆ ಕಾಯಿಲೆ ಮೊದಲೇ ಇತ್ತೆಂದು ಹೇಳಿದ ಮೇಲೂ ಕೊಡುತ್ತಾರೆಯೇ, ಟುವಾಲು ಅವರ ದೇಶಪಟ್ಟಿಯಲ್ಲಿದೆಯೇ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ. ಫೋನಿನಲ್ಲಿ ಹೇಳಿದ ‘ಹೌದು ಸಾರ್’ ಸಾಲದು.

ಇನ್ಸುಲಿನ್ ಅಲ್ಲಿ ಕೊಳ್ಳಬಹುದೆಂದು ಎಣಿಸಬೇಡಿ. ಬೇಕಾದ್ದಕ್ಕಿಂತ ಎರಡರಷ್ಟು ಒಯ್ದು, ಅರ್ಧ ನಿಮ್ಮ ಕೈಚೀಲದಲ್ಲಿ, ಅರ್ಧ ಅವರ ಕೈಚೀಲದಲ್ಲಿ ಇಡಿ. ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ, ಅಲ್ಲಿ ಹೆಪ್ಪುಗಟ್ಟಿ ಹಾಳಾಗಬಹುದು, ಪೆಟ್ಟಿಗೆ ಫಿಜಿಯಲ್ಲೇ ಉಳಿದರಂತೂ ಮುಗಿಯಿತು. ಜನ ನೀರಿನಲ್ಲಿ ನೆನೆಸುವ ತಂಪು ಚೀಲ ಕೊಳ್ಳುತ್ತಾರೆ. ಅದು ತಣ್ಣಗಾಗುವುದು ನೀರು ಆರುವುದರಿಂದ, ಟುವಾಲುವಿನ ತೇವದ ಗಾಳಿಯಲ್ಲಿ ನೀರು ಬೇಗ ಆರುವುದೇ ಇಲ್ಲ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ಒಳ್ಳೆಯದು. ಫ್ಲಾಸ್ಕನ್ನು ತಣ್ಣೀರಿನಿಂದ ತಂಪು ಮಾಡಿ ಒರೆಸಿ, ಇನ್ಸುಲಿನ್ ಪೆನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಐಸ್ ನೇರ ತಾಗಬಾರದು. ಕೋಣೆಯ ಫ್ರಿಜ್‌ನಲ್ಲಿ ಬಾಗಿಲಿನ ಕಡೆ ಇಡಿ, ಫ್ರೀಜರ್‌ಗೆ ತಾಗುವ ಗೋಡೆಯ ಕಡೆ ಬೇಡ. ಬಳಕೆಯಲ್ಲಿರುವ ಪೆನ್ನು 30 ಡಿಗ್ರಿಯ ಕೆಳಗಿದ್ದರೆ ಸಾಮಾನ್ಯವಾಗಿ 28 ದಿನ ಬರುತ್ತದೆ, ನಿಮ್ಮ ಔಷಧದ ಚೀಟಿಯಲ್ಲಿ ಏನಿದೆಯೋ ಅದೇ ಕೊನೆ ಮಾತು.

ಅಲ್ಲಿಯ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದೆ. ಪೂರ್ವಕ್ಕೆ ಹಾರುವ ದಿನ ಚಿಕ್ಕದಾಗುತ್ತದೆ. ಅಲ್ಲಿಯ ರಾತ್ರಿಗೆ ಎಂದಿನ ಡೋಸ್ ಚುಚ್ಚಿದರೆ ಹಿಂದಿನದರ ಶಕ್ತಿ ಇನ್ನೂ ಉಳಿದಿರುವಾಗಲೇ ಹೊಸದು ಸೇರಿ ಸಕ್ಕರೆ ಕುಸಿಯಬಹುದು. ಮೊದಲ ಎರಡು ರಾತ್ರಿ ಎಷ್ಟು, ಯಾವಾಗ ಎಂದು ನಿಮ್ಮ ವೈದ್ಯರಿಂದ ಗಂಟೆ ಸಮೇತ ಬರೆಸಿಕೊಳ್ಳಿ. ಹೋಗುವಾಗ ನಾಡಿಯಲ್ಲಿ ಎರಡು ರಾತ್ರಿ ಉಳಿಯಿರಿ. ಅದು ದಿನಸಿ ಕೊಳ್ಳುವುದಕ್ಕಾಗಿ ಮಾತ್ರವಲ್ಲ, ಸಕ್ಕರೆ ಹದಕ್ಕೆ ಬಂದಿತೆಂದು ಆಸ್ಪತ್ರೆ ಹತ್ತಿರವಿರುವ ಊರಿನಲ್ಲೇ ನೋಡಿಕೊಳ್ಳುವುದಕ್ಕೂ ಹೌದು. ಅಲ್ಲಿ ಅಂಕಿ ಏರುಪೇರಾದರೆ ಮುಂದೆ ಹೋಗಬೇಡಿ. ಇತ್ತೀಚಿನ ಮೂರು ತಿಂಗಳಲ್ಲಿ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದ್ದರೆ, ಪಾದದಲ್ಲಿ ಮಾಯದ ಹುಣ್ಣಿದ್ದರೆ, ಈ ವರ್ಷ ಅವರನ್ನು ಟುವಾಲುವಿಗೆ ಕರೆದೊಯ್ಯುವುದು ಸರಿಯಲ್ಲ ಎಂದು ನೇರವಾಗಿಯೇ ಹೇಳುತ್ತೇನೆ.

ನೀರಿಗಿಳಿಯುವಾಗ ಇಬ್ಬರೂ ದಪ್ಪ ಅಡಿಯ ನೀರು-ಚಪ್ಪಲಿ ಹಾಕಿ. ಹವಳ ತರಚಿದ ಗಾಯ ಬೇಗ ಕೀವಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಉಜ್ಜಿ ತೊಳೆದು, ಹವಳದ ಚೂರು ತೆಗೆದು, ಅಯೋಡಿನ್ ಹಚ್ಚಿ. ಚೆಂದ ಕಾಣುವ ಶಂಕುವಿನಾಕಾರದ ಚಿಪ್ಪನ್ನು ಎತ್ತಿಕೊಳ್ಳಬೇಡಿ, ಒಳಗಿನ ಜೀವಿ ಚುಚ್ಚಿದರೆ ಪ್ರಾಣಕ್ಕೇ ಅಪಾಯ.

ಅಲ್ಲಿ ನೋಡುವುದೇನು

ಫುನಾಫುತಿಯಲ್ಲಿ ನೀವು ಇರುವ ಫೊಂಗಫಾಲೆ ದ್ವೀಪ ಸುಮಾರು ಹನ್ನೆರಡು ಕಿಲೋಮೀಟರ್ ಉದ್ದ, ಅತಿ ಅಗಲವಾದ ಜಾಗದಲ್ಲೂ 400 ಮೀಟರ್. ಕೆಲವೆಡೆ ರಸ್ತೆಯ ಒಂದು ಬದಿ ಸಾಗರ, ಇನ್ನೊಂದು ಬದಿ ಲಗೂನ್, ನಡುವೆ ನೀವು. ಲಗೂನಿನ ಪಶ್ಚಿಮದಲ್ಲಿ ಆರು ಪುಟ್ಟ ದ್ವೀಪಗಳ, 33 ಚದರ ಕಿಲೋಮೀಟರಿನ ಸಂರಕ್ಷಿತ ಪ್ರದೇಶವಿದೆ. ಸ್ಥಳೀಯ ಮಂಡಳಿ ‘ಕೌಪುಲೆ’ಯ ಅನುಮತಿ ಪಡೆದು ದೋಣಿಯಲ್ಲಿ ಹೋಗಬಹುದು. ಬಂದ ಮೊದಲ ದಿನವೇ ಗೊತ್ತು ಮಾಡಿ, ಗಾಳಿ ಎದ್ದರೆ ಮುಂದೂಡಲು ದಿನ ಉಳಿದಿರಬೇಕು. ಹತ್ತುವ ಮೊದಲು ಲೈಫ್ ಜಾಕೆಟ್ ಮೈಗೆ ಹಾಕಿ ನೋಡಿ, ರೇಡಿಯೋ ಇದೆಯೇ ಕೇಳಿ. ಹೊರ ದ್ವೀಪಗಳಿಗೆ ಹೋಗುವ ಸರ್ಕಾರಿ ಹಡಗು ನಿಮಗೆ ಬೇಡ. ಅದು ಹೇಳಿದ ದಿನಕ್ಕೆ ವಾಪಸು ಬರುವ ಭರವಸೆ ಇಲ್ಲ, ಅಲ್ಲೆಲ್ಲ ಅಲೆಯ ನಡುವೆ ಸಣ್ಣ ದೋಣಿಗೆ ಇಳಿಯಬೇಕು.

ಸಂಜೆ ಓಡುದಾರಿಗೆ ಹೋಗಿ. ಬಿಸಿಲು ಇಳಿಯುತ್ತಲೇ ಊರಿಗೆ ಊರೇ ಅಲ್ಲಿರುತ್ತದೆ. ವಾಲಿಬಾಲ್, ಫುಟ್‌ಬಾಲ್, ಚಾಪೆ ಹಾಸಿ ಕೂತ ಅಜ್ಜಿಯರು. ವಿಮಾನ ಬರುವ ದಿನ ಮೊದಲು ಸೈರನ್ ಕೂಗುತ್ತದೆ, ಜನ ಬದಿಗೆ ಸರಿಯುತ್ತಾರೆ, ವಿಮಾನ ಇಳಿದು ಹೋದ ಮೇಲೆ ಮತ್ತೆ ಚೆಂಡು ಹಾರುತ್ತದೆ. ‘ತಾಲೊಫಾ’ ಎಂದರೆ ನಮಸ್ಕಾರ, ‘ಫಕಫೆತಾಯ್’ ಎಂದರೆ ಧನ್ಯವಾದ. ಭಾನುವಾರ ಚರ್ಚಿನ ದಿನ, ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಬೇಕಾದ್ದು ತಂದಿಡಿ. ಈಜಿ ಬಂದ ಬಟ್ಟೆಯಲ್ಲಿ ಊರೊಳಗೆ ನಡೆಯಬೇಡಿ. ಸೊಂಟಕ್ಕೊಂದು ಪಂಚೆ ಸುತ್ತಿಕೊಂಡರೆ ಅವರ ‘ಸುಲು’ವಿಗೂ ನಿಮ್ಮ ಪಂಚೆಗೂ ವ್ಯತ್ಯಾಸವೇ ಕಾಣದು. ಬ್ಯಾಟರಿ, ಮುಗಿದ ಇನ್ಸುಲಿನ್ ಪೆನ್ನು, ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ವಾಪಸು ತನ್ನಿ. ಅಷ್ಟು ಸಣ್ಣ ನೆಲದಲ್ಲಿ ಕಸ ಎಸೆಯಲು ‘ಆಚೆ’ ಎಂಬ ಜಾಗವೇ ಇಲ್ಲ.

ಹೊರಡುವ ಹಿಂದಿನ ದಿನ ನಿಲ್ದಾಣದ ವಿಮಾನ ಕಚೇರಿಗೆ ನೀವೇ ಹೋಗಿ ಹೆಸರು ಪಟ್ಟಿಯಲ್ಲಿದೆಯೇ, ಸಮಯ ಬದಲಾಗಿದೆಯೇ ಕೇಳಿ ಬನ್ನಿ. ಬದಲಾದ ಸಮಯದ ಸಂದೇಶ ನಿಮ್ಮ ಭಾರತದ ಫೋನಿಗೆ ಬಂದು ಕೂತಿರಬಹುದು, ಅಲ್ಲಿ ಅದು ನಿಮಗೆ ತಲುಪುವ ಖಾತ್ರಿಯಿಲ್ಲ.